ಸಿಸ್ಟರ್ ಸುಗುಣ ಮುಚ್ಚಿಟ್ಟ ಗಾಯ

ಮೊದಲು ಬಂದದ್ದು ವಾಸನೆ.

ಹಾರ್ಮೋನಿಯಂ ಹಿಂದೆ ಇಲಿ ಸತ್ತಿರಬೇಕು ಅಂದುಕೊಂಡೆ. ಮಂಚ ಸರಿಸಿದೆ, ಫಿನಾಯಿಲ್ ಹಾಕಿ ನೆಲ ಒರೆಸಿದೆ. ಹೋಗಲಿಲ್ಲ. ದೊಡ್ಡಮ್ಮ ಕುರ್ಚಿಯಲ್ಲಿ ಕೂತು ನಾನು ಹುಡುಕುವುದನ್ನೇ ನೋಡುತ್ತಿದ್ದಳು. ಆಗೀಗ ಕತ್ತಿನ ಸುತ್ತ ಪೌಡರ್ ಬಳಿದುಕೊಳ್ಳುತ್ತಿದ್ದಳು. ಆ ಪೌಡರಿನ ಘಮವೂ ಕೊಳೆತ ವಾಸನೆಯೂ ಕಲೆತು ಇನ್ನೂ ಹೇಸಿಗೆಯಾಗುತ್ತಿತ್ತು.

ಆಮೇಲೊಂದು ದಿನ ಬಚ್ಚಲಲ್ಲಿ ಅವಳಿಗೆ ತಲೆ ಸುತ್ತಿತು. ಎತ್ತಲು ಓಡಿದೆ. ಎದೆಗೆ ಒತ್ತಿಟ್ಟಿದ್ದ ಹಳೇ ಸೀರೆಯ ಬಟ್ಟೆ ಜಾರಿತು.

ಎಡ ಮೊಲೆಯೇ ಇರಲಿಲ್ಲ.

ಅಲ್ಲಿದ್ದದ್ದು ಕೊಳೆತ ಹೂಕೋಸಿನಂಥ ಮಾಂಸ. ಹಳದಿ ನೀರು ಒಸರುತ್ತಿತ್ತು. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಅಲ್ಲೇ ಮೋರಿಗೆ ವಾಂತಿ ಮಾಡಿದೆ. ಕಣ್ಣೀರು ಬಂದದ್ದು ವಾಂತಿಯಿಂದ. ದುಃಖ ಆಗ ಇನ್ನೂ ಬಂದಿರಲಿಲ್ಲ.

ನನ್ನ ದೊಡ್ಡಮ್ಮ ಸುಗುಣ ನರ್ಸಾಗಿದ್ದವಳು. ಚಾಮರಾಜನಗರದ ಕಡೆ ಆಗ ಇದ್ದ ಒಂದು ಸಣ್ಣ ಮಿಷನ್ ಆಸ್ಪತ್ರೆಯಲ್ಲಿ ಅವಳ ಆಯುಸ್ಸೆಲ್ಲ ಕಳೆಯಿತು. ಚಂದಕವಾಡಿ ಸುತ್ತಿನ ಹಳ್ಳಿಗಳಿಗೆ ಸೈಕಲ್ಲಿನಲ್ಲಿ ಹೋಗಿ ಹೆರಿಗೆ ಮಾಡಿಸಿದವಳು. ಹೊಸ ಹುಡುಗಿಯರಿಗೆ ಡ್ರೆಸಿಂಗ್ ಕಲಿಸಿದವಳು. ಭಾನುವಾರ ಚರ್ಚಿನ ಆರಾಧನೆಯಲ್ಲಿ ಹಾರ್ಮೋನಿಯಂ ನುಡಿಸಿ ಹಾಡಿಸುತ್ತಿದ್ದಳು. ರಿಟೈರ್ ಆಗಿ ಗುಂಡ್ಲುಪೇಟೆಯಲ್ಲಿ ನಮ್ಮ ಮನೆಗೆ ಬಂದ ಮೇಲೂ ಜಗಲಿಯ ತುಂಬ ಮಕ್ಕಳು: ನಮ್ಮವರು, ಸಾಬರ ಬೀದಿಯವರು, ಲಿಂಗಾಯತರ ಮನೆಯವರು, ಎಲ್ಲರೂ ಸರಿಗಮ ಕಿರುಚುವವರೇ. ಮದುವೆಯಾಗಲಿಲ್ಲ. ಗಾಯಗಳ ನಡುವೆಯೇ ಬದುಕಿದ ಹೆಂಗಸು.

ಅವಳೇ ಇದನ್ನು ಮುಚ್ಚಿಟ್ಟಿದ್ದಳು.

"ಯಾಕೆ ಹೇಳಲಿಲ್ಲ?" ಅಂತ ಕಿರುಚಿದೆ.

"ಗಂಟು ಸಿಕ್ಕಿದಾಗ್ಲೇ ಗೊತ್ತಾಯ್ತು ಕಣಮ್ಮಿ. ಊರೋರ ಮೈಯೆಲ್ಲ ಬಿಚ್ಚಿ ನೋಡ್ದೋಳು ನಾನು. ನನ್ ಮೈ ಬಿಚ್ಚೋಕೆ ನಾಚಿಕೆಯಾಯ್ತು. ಪ್ರಾರ್ಥನೆ ಮಾಡ್ಕಂಡು ಸುಮ್ನಿದ್ಬುಟ್ಟೆ."

ಆ ನಾಚಿಕೆಯ ಮೇಲೆ ನನಗೆ ಹುಟ್ಟಿದ ಅಸಹ್ಯ ಗಾಯದ ಮೇಲೂ ಹುಟ್ಟಿರಲಿಲ್ಲ.

ಚಾಮರಾಜನಗರದ ಆಸ್ಪತ್ರೆಯಲ್ಲಿ ಬಯಾಪ್ಸಿ ಆಯಿತು, ಸ್ಕ್ಯಾನ್ ಆಯಿತು. ಲಿವರ್‌ಗೂ ಹೋಗಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ ಅಂದರು. "ಇಷ್ಟು ದಿನ ಮನೇಲಿ ಏನ್ ಮಾಡ್ತಿದ್ರಿ?" ಡಾಕ್ಟರು ಕೇಳಿದ್ದು ನನ್ನನ್ನು.

"ಇವರು ನರ್ಸು, ಸಾರ್," ಅಂದೆ. ಅವರು ತಲೆ ತಗ್ಗಿಸಿ ಚೀಟಿ ಬರೆಯತೊಡಗಿದರು.

ಮನೆಯಲ್ಲಿ ಡ್ರೆಸಿಂಗ್ ನನ್ನ ಪಾಲಿಗೆ ಬಂತು. ಉಪ್ಪು ನೀರಲ್ಲಿ ತೊಳೆಯಬೇಕು. ಅಂಟಿಕೊಂಡ ಗಾಜ್ ಬಟ್ಟೆ ಎಳೆದರೆ ರಕ್ತ. ಒಮ್ಮೆ ಹುಳು ಕಂಡಿತು. ಮೂಗಿಗೆ ಟವೆಲ್ ಕಟ್ಟಿಕೊಂಡು ನಿಂತಿದ್ದ ನನಗೆ ಅವಳು ಪಾಠ ಹೇಳಿದಳು: "ಮುಖ ಎಷ್ಟಾದ್ರೂ ಸಿಂಡರಿಸ್ಕೊ. ಕೈ ಸಿಂಡರಿಸ್ಬ್ಯಾಡ." ಹುಳುವನ್ನು ಇಕ್ಕಳದಲ್ಲಿ ತೆಗೆದೆ. ಆ ದಿನ ಅನ್ನ ಸೇರಲಿಲ್ಲ. ಇವತ್ತಿಗೂ ಹೂಕೋಸು ಮನೆಯೊಳಗೆ ತಂದಿಲ್ಲ.

ವಿಷಯ ಊರಿಗೆ ಗೊತ್ತಾಯಿತು. ಚರ್ಚಿನ ಸಭೆಯವರು ಸನ್ಮಾನಕ್ಕೆ ಬಂದರು. ಶಾಲು, ಹಣ್ಣಿನ ಬುಟ್ಟಿ, ಸುಗಂಧರಾಜದ ದಪ್ಪ ಹಾರ. ಒಬ್ಬರು ಫೋನಿನಲ್ಲಿ ಲೈವ್ ಹಾಕುತ್ತಿದ್ದರು. ಮೂಗಿಗೆ ಹಿಡಿದ ಕರ್ಚೀಫಿನೊಳಗಿನಿಂದಲೇ ಒಬ್ಬರು ಭಾಷಣ ಮಾಡಿದರು: ಸೇವೆಯ ಸಾಕಾರಮೂರ್ತಿ, ಸಂಗೀತದ ಗುರುಮಾತೆ. ಹಾರದ ಭಾರಕ್ಕೆ ಗಾಯ ಒತ್ತಿ ದೊಡ್ಡಮ್ಮ ನರಳಿದಳು. "ಇನ್ನೊಂದೇ ಫೋಟೋ ಸಿಸ್ಟರ್, ನಗಿ," ಅಂದರು. ಇನ್ನೊಬ್ಬಾತ ಎಣ್ಣೆ ಸೀಸೆ ತೆಗೆದು, "ವಿಶ್ವಾಸ ಇದ್ದರೆ ಇದನ್ನ ಗಾಯಕ್ಕೆ ಹಚ್ಚಿ, ಔಷಧಿ ಬಿಡಿ," ಅಂದ.

ಹಾರ ಕಿತ್ತು ಅಂಗಳಕ್ಕೆ ಎಸೆದೆ.

"ವಿಶ್ವಾಸ ಇರೋರು ಕರ್ಚೀಫ್ ತೆಗೀರಿ. ಬನ್ನಿ, ನೀವೇ ಹಚ್ಚಿ," ಅಂದೆ. ಒಬ್ಬರೂ ಬರಲಿಲ್ಲ. ಎಲ್ಲರೂ ಹೋದ ಮೇಲೆ ದೊಡ್ಡಮ್ಮ, "ದೇವರನ್ನ ಬೈಬ್ಯಾಡ ಕಣೆ. ಅವನೇನು ಹಾರ ತಂದಿರ್ಲಿಲ್ಲ," ಅಂದಳು.

ನನ್ನ ಗಂಡ ಕೇರಳಕ್ಕೆ ಈರುಳ್ಳಿ ಲಾರಿ ಓಡಿಸುತ್ತಾರೆ. ವಯನಾಡಿನಲ್ಲಿ ಇಂಥ ರೋಗಿಗಳಿಗೆಂದೇ ಒಂದು ಕ್ಲಿನಿಕ್ ಇದೆ ಅಂತ ಅವರೇ ವಿಚಾರಿಸಿಕೊಂಡು ಬಂದರು. ಕಾರಿನ ಹಿಂದಿನ ಸೀಟಿನಲ್ಲಿ ಅವಳನ್ನು ಮಲಗಿಸಿಕೊಂಡು ಗಡಿಯ ಮದ್ದೂರು ಕಾಡು ದಾಟಿ ಹೋದೆವು. ಅಲ್ಲಿನ ಮಲಯಾಳಿ ನರ್ಸ್ ಮೂಗು ಮುಚ್ಚಲಿಲ್ಲ. "ಚೇಚಿ, ಅಕ್ಕಾ, ವಾಸನೆಗೆ ಮದ್ದಿದೆ," ಅಂದು ಡಾಕ್ಟರು ಬರೆದ ಮಾತ್ರೆಯನ್ನು ಪುಡಿ ಮಾಡಿ ಗಾಯಕ್ಕೆ ಉದುರಿಸಿ ತೋರಿಸಿದಳು. ನೋವಿಗೆ ಮಾರ್ಫಿನ್ ಕೊಟ್ಟರು.

ವಾರ ಕಳೆಯುವಷ್ಟರಲ್ಲಿ ಮನೆಯಲ್ಲಿ ಉಸಿರಾಡುವಂತಾಯಿತು. ಇಷ್ಟು ಸುಲಭದ ಮದ್ದು ಇಷ್ಟು ದಿನ ನಮಗೆ ಸಿಗಲಿಲ್ಲವಲ್ಲ ಎಂದು ಮತ್ತೆ ಮೈ ಉರಿಯಿತು.

ಒಂದು ಸಂಜೆ ದೊಡ್ಡಮ್ಮ ಹಾರ್ಮೋನಿಯಂ ಕೇಳಿದಳು. ಎಡಗೈ ಬಾತು ಕಂಬವಾಗಿತ್ತು, ತಿದಿ ಎಳೆಯಲಾಗದು. ನಾನು ತಿದಿ ಹಾಕಿದೆ, ಅವಳು ಬಲಗೈಯಲ್ಲಿ ನುಡಿಸಿದಳು. "ನಿಧಾನ! ಬಾವಿ ನೀರು ಸೇದ್ತಿದ್ದೀಯಾ?" ಅಂತ ಬೈದಳು. ಕೀರ್ತನೆಯ ಎರಡು ಸಾಲು ಮುಗಿಸುವಷ್ಟರಲ್ಲಿ ಸುಸ್ತಾದಳು. ಆಗ ನಾನು ಅತ್ತುಬಿಟ್ಟೆ. ಅಷ್ಟೂ ತಿಂಗಳಲ್ಲಿ ಅದೇ ಮೊದಲು.

ಮಳೆಗಾಲಕ್ಕೆ ಮೊದಲು ಹೋದಳು. ನಿದ್ದೆಯಲ್ಲಿ, ನೋವಿಲ್ಲದೆ.

ಚರ್ಚಿನಲ್ಲಿ ನಡೆದ ಸ್ಮರಣೆಯ ಆರಾಧನೆಯಲ್ಲಿ ಹಾರದವರೇ ಮತ್ತೆ ಮಾತಾಡಿದರು: ಮೇಣದಬತ್ತಿಯಂತೆ ಕರಗಿದವರು, ನಗುನಗುತ್ತಾ ನೋವುಂಡವರು. ಕೊನೆಗೆ ನನ್ನನ್ನು ಕರೆದರು. ಬರೆದುಕೊಂಡದ್ದೇನೂ ಇರಲಿಲ್ಲ.

"ನಮ್ಮ ದೊಡ್ಡಮ್ಮನ ಎದೆ ಕೊಳೆತಿತ್ತು," ಅಂದೆ. "ನಾರುತ್ತಿತ್ತು. ಗಂಟು ಸಿಕ್ಕಿದ ದಿನವೇ ತೋರಿಸಿದ್ದರೆ ಇವತ್ತು ಅಲ್ಲಿ ಕೂತು ನುಡಿಸುತ್ತಿದ್ದಳೇನೋ. ಎಲ್ಲರಿಗೂ ಕಲಿಸಿದವಳು ನಾಚಿಕೆಗೆ ಸತ್ತಳು. ಹೆಂಗಸರು ಮನೆಗೆ ಹೋಗಿ ಒಮ್ಮೆ ಮುಟ್ಟಿ ನೋಡಿಕೊಳ್ಳಿ."

ಸಭಾಪಾಲಕರು ಕೆಮ್ಮಿ ಪ್ರಾರ್ಥನೆ ಶುರುಮಾಡಿದರು. "ದೇವರ ಮನೇಲಿ ಆಡೋ ಮಾತಾ ಇದು?" ಅಂತ ಹಿಂದೆ ಯಾರೋ ಗೊಣಗಿದರು.

ಹೊರಗೆ ಊಟ ನಡೆಯುತ್ತಿದ್ದಾಗ ಒಬ್ಬಳು ಸೆರಗು ಹಿಡಿದು ಎಳೆದಳು. ಚಂದಕವಾಡಿಯ ಕಾಳಮ್ಮ, ಕೂಲಿಯವಳು. ಅವಳ ಮಕ್ಕಳೆಲ್ಲ ದೊಡ್ಡಮ್ಮನ ಕೈಯಲ್ಲೇ ಹುಟ್ಟಿದವರು. ಗೋಡೆಯ ಹಿಂದಕ್ಕೆ ಕರೆದೊಯ್ದು ನನ್ನ ಕೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡಳು.

"ನಂಗೂ ಒಂದು ಐತೆ ಕಣಕ್ಕ. ಯಾರ್ಗೂ ಯೋಳಿಲ್ಲ."

ಹುಣಸೆ ಬೀಜದಷ್ಟು. ಗಟ್ಟಿ.

"ನಾಳೆ ಓಗನ," ಅಂದೆ ಅವಳ ಮಾತಿನಲ್ಲೇ.

ಅದೇ ಆಸ್ಪತ್ರೆ, ಅದೇ ಡಾಕ್ಟರು. ಈ ಸಲ ಗದರಲಿಲ್ಲ. "ಇನ್ನೂ ಚಿಕ್ಕದಿದೆ. ಬಂದಿದ್ದು ಒಳ್ಳೇದಾಯ್ತಮ್ಮ," ಅಂದರು. ಮೈಸೂರಿನಲ್ಲಿ ಆಪರೇಷನ್ ಆಯಿತು. ಕೀಮೋ ನಡೆಯುತ್ತಿದೆ. ಮುಂದೇನೋ ಗೊತ್ತಿಲ್ಲ, ನಾನು ಹೆಚ್ಚು ಆಸೆ ಇಟ್ಟುಕೊಂಡಿಲ್ಲ. ಮೊನ್ನೆ ಕಾಳಮ್ಮ ಫೋನ್ ಮಾಡಿದ್ದಳು.

"ಕೂದ್ಲೆಲ್ಲ ಉದುರೋಯ್ತು ಕಣಕ್ಕ, ಬಾಯೆಲ್ಲ ಹುಣ್ಣು. ಅದಿರ್ಲಿ. ನಮ್ ಸೊಸೇನೂ ಒಸಿ ತೋರ್ಸ್ಬೇಕು. ನಾಚ್ಕೋತಾಳೆ. ನೀನೇ ಬಂದು ಬೈದು ಕರ್ಕೊಂಡೋಗು."

ಸೋಮವಾರ ಬರುತ್ತೇನೆ ಅಂದಿದ್ದೇನೆ.