ಹೊನ್ನಾವರದ ಮದುವೆಗೆ ನಗದಿನ ಪದ್ಯ

ಮಹಾಜನರೇ, ಗೆಳೆಯರೇ, ನಮ್ಮ ಜನರ ಔದಾರ್ಯದ ಕಥೆಯನ್ನು ಸಾವಧಾನವಾಗಿ ಕೇಳಿ! ಇಂದು ಹೊನ್ನಾವರದಲ್ಲಿ ಅಕ್ಕನ ಮಗನ ಮದುವೆ. ಹೊಲಿಗೆ ಯಂತ್ರ ಕೊಂಡು ಕುಮಟೆಯಲ್ಲಿ ಅಂಗಡಿ ಇಡಬೇಕೆಂದಿದ್ದ ಅವನಿಗೆ ಉಡುಗೊರೆ ನಗದಾಗಿಯೇ ಬೇಕಿತ್ತು; ಬಾಯಿ ಬಿಟ್ಟು ಕೇಳಲು ನಾಚಿಕೆ.

"ಮಾವ, ನೀವೇ ಒಂದು ಪದ್ಯ ಕಟ್ಟಿ ಹೇಳಿಬಿಡಿ" ಎಂದ.

ನಾನು ಮೈಕಿನಲ್ಲಿ ಹಾಡಿದೆ: "ತಟ್ಟೆ ಬೇಡ, ಲೋಟ ಬೇಡ, ನೋಟು ಕೊಡಲು ನಾಚಬೇಡ!"

ಭಾರೀ ಚಪ್ಪಾಳೆ ಬಿತ್ತು. ಆಮೇಲೆ ಬಂದದ್ದೆಲ್ಲ ತಟ್ಟೆ, ಲೋಟ.

"ಪದ್ಯ ತಿಳೀಲಿಲ್ವಾ ಅತ್ತೆ?" ಎಂದು ಮಂಕಿ ಊರಿನ ಅತ್ತೆಯನ್ನು ಕೇಳಿದೆ.

"ತಿಳೀದೆ ಎಂತ? ನೋಟು ಕೊಟ್ರೆ 'ಮಂಕಿ ಅತ್ತೆಯಿಂದ ಎರಡು ರೂಪಾಯಿ' ಅಂತ ಮೈಕಲ್ಲೇ ಕೂಗ್ತಾರಲ್ಲ ಮಾರಾಯ! ತಟ್ಟೆ ರೇಟು ಯಾರು ಕೂಗ್ತಾರೆ?"

ದೀಪ ಬೇಡವೆಂದು ಪದ್ಯದಲ್ಲಿ ಹೇಳಿರಲಿಲ್ಲ, ಗೆಳೆಯರೇ. ನಾನು ಕೊಟ್ಟದ್ದು ದೀಪ.