ಜೋಲಿಯ ಕೊಕ್ಕೆಗೆ ಬಂದ ಫ್ಯಾನು

ಏಪ್ರಿಲ್ ಒಂಬತ್ತು, ಬುಧವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಇದು ಶುರುವಾಯಿತು. ಮಾಲೂರಿನಿಂದ ಅಕ್ಕನ ಅತ್ತೆ ಫೋನ್ ಮಾಡಿದರು. ಅಮ್ಮ ಮುದ್ದೆ ತಿರುವುತ್ತಿದ್ದಳು. ಹಾಗಾಗಿ ಫೋನನ್ನು ಸ್ಪೀಕರಿಗೆ ಹಾಕಿ ನಾನು ಹಿಡಿದುಕೊಂಡಿದ್ದೆ.

"ಏನ್ ಬೀಗ್ರೇ, ಪಾಪು ಹೆಂಗಿದೆ?"

"ಚೆನ್ನಾಗಿದೆ ಬೀಗ್ರೇ. ಈಗ್ತಾನೆ ಮಲಗ್ತು."

"ಈ ಸೆಕೇಲಿ ಹೆಂಗೆ ಮಲಗ್ತದೆ? ನಿಮ್ಮನೇಲಿ ಒಂದು ಫ್ಯಾನಿಲ್ಲ. ನಮ್ಮನೇಲಿ ರೂಮಿಗೊಂದು ತಿರುಗ್ತಾ ಬಿದ್ದಿದೆ, ಕೆಳಗೆ ಮಲಗೋರಿಲ್ಲ. ಭಾನುವಾರ ಬರ್ತೀನಿ. ಅಷ್ಟರಲ್ಲಿ ಫ್ಯಾನ್ ಹಾಕಿಸಿದ್ರೆ ಸರಿ. ಇಲ್ಲಾಂದ್ರೆ ಸೊಸೇನೂ ಮೊಮ್ಮಗಳನ್ನೂ ಕರ್ಕೊಂಡು ಹೋಗ್ತೀನಿ."

ಅಕ್ಕ ಬಾಣಂತನಕ್ಕೆ ಸುಗಟೂರಿಗೆ ಬಂದು ಮೂರು ತಿಂಗಳಾಗುತ್ತಿತ್ತು. ಐದು ತುಂಬಿದ ಮೇಲೆ ಕಳಿಸುವುದೆಂದು ಎರಡೂ ಮನೆಯವರು ಮಾತಾಡಿಕೊಂಡಿದ್ದರು. ಉಳಿದ ಆ ಎರಡು ತಿಂಗಳನ್ನು ನಂಬಿಕೊಂಡೇ ಅಮ್ಮ ಬೆಳಿಗ್ಗೆ ಏಳುತ್ತಿದ್ದಳು. ಫೋನ್ ಇಟ್ಟ ಮೇಲೆ ಅವಳ ಕೈ ಓಡಲಿಲ್ಲ. ಅವತ್ತಿನ ಮುದ್ದೆಯಲ್ಲಿ ಗಂಟುಗಳಿದ್ದವು, ನನ್ನ ಪಾಲಿಗೆ ಏಳು ಬಂದವು.

ನಮ್ಮದು ಫ್ಯಾನು ಕೊಳ್ಳಲಾರದ ಮನೆಯೇನಲ್ಲ. ಟೊಮೇಟೊ ಇದೆ, ಎರಡು ಹಸು ಇವೆ, ರೇಷ್ಮೆ ಇದೆ. ತೊಂದರೆ ಇದ್ದದ್ದು ಕೊಕ್ಕೆಯಲ್ಲಿ. ಅಕ್ಕ ಹುಟ್ಟುವ ಹಿಂದಿನ ವರ್ಷ ಮನೆಯ ಹಾಲಿಗೆ ಕಾಂಕ್ರೀಟಿನ ಮೋಲ್ಡಿಂಗ್ ಹಾಕಿಸಿದಾಗ ಅಪ್ಪ ಫ್ಯಾನಿಗೆಂದು ಕಬ್ಬಿಣದ ಕೊಕ್ಕೆ ಬಿಡಿಸಿದ್ದ. ಫ್ಯಾನು ಬರುವ ಮೊದಲು ಅಕ್ಕ ಬಂದಳು. ಅಮ್ಮನ ಹಳೆಯ ಸೀರೆಯನ್ನು ಆ ಕೊಕ್ಕೆಗೆ ಕಟ್ಟಿ ಜೋಲಿ ಮಾಡಿದರು. ಆಮೇಲೆ ನಾನು, ಆಮೇಲೆ ಚಿಕ್ಕಪ್ಪನ ಇಬ್ಬರು ಮಕ್ಕಳು, ಈಗ ಅಕ್ಕನ ಮಗಳು. ನಡುವೆ ಖಾಲಿಯಿದ್ದ ವರ್ಷಗಳಲ್ಲಿ ಬೆಳ್ಳುಳ್ಳಿ ಗೊಂಚಲು ನೇತಾಡಿತು. ಇಷ್ಟು ವರ್ಷಗಳ ಲೆಕ್ಕ ಹೀಗೆ: ಮಕ್ಕಳು ಐದು, ಬೆಳ್ಳುಳ್ಳಿ ಬೇಕಾದಷ್ಟು, ಫ್ಯಾನು ಸೊನ್ನೆ. ಹಿಂದಿನ ಎರಡು ಕೋಣೆಗಳಿಗೆ ಶೀಟು ಹೊದಿಸಿರುವುದರಿಂದ ಅಲ್ಲಿ ಕೊಕ್ಕೆಯ ಮಾತೇ ಇಲ್ಲ. ಒಂದು ಟೇಬಲ್ ಫ್ಯಾನಿದೆ. ಅದು ತಲೆ ಅಲ್ಲಾಡಿಸುತ್ತದೆ, ರೆಕ್ಕೆ ತಿರುಗಿಸುವುದಿಲ್ಲ.

ಗುರುವಾರ ಅಪ್ಪ ಮತ್ತು ನಾನು ಕೋಲಾರಕ್ಕೆ ಹೋದೆವು. ಅಂಗಡಿಯ ಮಾಳಿಗೆಗೆ ಎಂಟು ಫ್ಯಾನು ತೂಗುಹಾಕಿ ಎಂಟನ್ನೂ ತಿರುಗಲು ಬಿಟ್ಟಿದ್ದರು. ಅಪ್ಪ ಒಂದೊಂದರ ಕೆಳಗೂ ನಿಂತು ಮುಖ ಮೇಲೆತ್ತಿದ.

"ಇದರಲ್ಲಿ ಯಾವ್ದರ ಗಾಳಿ ಯಾವ್ದು ಅಂತ ಹೆಂಗಪ್ಪಾ ಗೊತ್ತಾಗೋದು? ಇದೊಂದು ಬಿಟ್ಟು ಮಿಕ್ಕಿದ್ದೆಲ್ಲಾ ಆಫ್ ಮಾಡು."

ಅಂಗಡಿಯವನು ಆಫ್ ಮಾಡಿದ. ಕೌಂಟರಿನಲ್ಲಿದ್ದ ನಾಲ್ವರು ನಮ್ಮ ಕಡೆ ತಿರುಗಿದರು. ಅಪ್ಪ ಹೀಗೆ ಎಂಟನ್ನೂ ಒಂದೊಂದಾಗಿ ಹಾಕಿಸಿ ನೋಡಿದ. ಮುಗಿಯುವಷ್ಟರಲ್ಲಿ ಆ ನಾಲ್ವರಲ್ಲಿ ಇಬ್ಬರು ಹೊರಗೆ ಹೋಗಿ ಮರದ ನೆರಳಲ್ಲಿ ನಿಂತಿದ್ದರು. ಕೊನೆಗೆ ಅಪ್ಪ ಕಂದು ಬಣ್ಣದ್ದನ್ನು ಆರಿಸಿದ. ಧೂಳು ಕೂತರೆ ಕಾಣುವುದಿಲ್ಲ ಎಂಬುದೊಂದೇ ಕಾರಣ. ಗಾಳಿಯ ಬಗ್ಗೆ ಏನೂ ಹೇಳಲಿಲ್ಲ.

ಮನೆಗೆ ಬಂದು ಡಬ್ಬ ಬಿಚ್ಚುವ ಮೊದಲೇ ಅಜ್ಜಿ, ಅಂದರೆ ಅಪ್ಪನ ಅಮ್ಮ, ತನ್ನ ತೀರ್ಪು ಕೊಟ್ಟಳು.

"ಬಾಣಂತಿಗೆ ಗಾಳಿ ಸೋಕಿದ್ರೆ ಸೊಂಟ ಹಿಡ್ಕೊಂತದೆ. ನಾನು ನಾಲ್ಕು ಹೆತ್ತೆ, ಒಂದಕ್ಕೂ ಬೀಸಣಿಗೆ ಮುಟ್ಟಿಲ್ಲ."

ಅಕ್ಕ ಕಿವಿಗೆ ಹತ್ತಿ ಇಟ್ಟು, ಮೇಲೆ ಉಣ್ಣೆಯ ಸ್ಕಾರ್ಫ್ ಕಟ್ಟಿಕೊಂಡು ಗೋಡೆಗೆ ಒರಗಿದ್ದಳು. ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಅಜ್ಜೀ, ನೀನು ಹೆತ್ತಿದ್ದೆಲ್ಲಾ ಚಳಿಗಾಲದಲ್ಲಿ."

"ಅದಕ್ಕೇ ಕಣೇ, ಕಾಲ ನೋಡ್ಕೊಂಡು ಹೆರಬೇಕು."

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಊರಿನ ಕರೆಂಟ್ ಕೆಲಸದವನು ಏಣಿ ಹೊತ್ತು ಬಂದ. ಹಾಲಿನ ನಡುವೆ ನಿಂತು ಮೇಲೆ ನೋಡಿದ.

"ಅಣ್ಣಾ, ಕೊಕ್ಕೇಲಿ ಪಾಪು ಇದೆ."

"ಗೊತ್ತು," ಎಂದ ಅಪ್ಪ.

"ಫ್ಯಾನ್ ಎಲ್ಲಿ ಹಾಕ್ಲಿ?"

"ಅಲ್ಲೇ."

"ಪಾಪು?"

ಅಪ್ಪ ಅಮ್ಮನ ಮುಖ ನೋಡಿದ. ಅಮ್ಮ ಅಜ್ಜಿಯ ಮುಖ ನೋಡಿದಳು.

"ನಿದ್ದೆ ಮಾಡೋ ಕೂಸನ್ನ ಯಾವನಾದ್ರೂ ಎಬ್ಬಿಸಿ ನೋಡ್ಲಿ," ಎಂದಳು ಅಜ್ಜಿ.

ಏಳುವವರೆಗೆ ಕಾಯುವುದೆಂದಾಯಿತು. ಕರೆಂಟ್ ಕೆಲಸದವನು ಕಾಫಿ ಕುಡಿದ. ಗೋಡೆಗೆ ಒರಗಿ ಕಾಲು ಚಾಚಿದ. ಮಗು ಮಿಸುಕಾಡಿದಾಗ ತಾನೇ ಹೆಬ್ಬೆರಳಿನಿಂದ ಜೋಲಿಯನ್ನು ತೂಗಿದ. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ನಿದ್ದೆ ಹೋದರು. ಹನ್ನೆರಡೂವರೆಗೆ ಅವನಿಗೆ ಬೇರೆ ಮನೆಯಿಂದ ಫೋನ್ ಬಂತು, ಎದ್ದು ಹೋದ. ಹನ್ನೆರಡು ಮೂವತ್ತೈದಕ್ಕೆ ಮಗು ಎದ್ದಿತು.

ಸಂಜೆ ಮಗುವನ್ನು ಬೇರೆ ಕಡೆ ಮಲಗಿಸುವ ಪ್ರಯತ್ನಗಳು ನಡೆದವು. ಅಮ್ಮನ ಮಡಿಲಲ್ಲಿ ಹದಿನೆಂಟು ನಿಮಿಷ ಮಲಗಿತು, ಚಾಪೆಯ ಮೇಲೆ ಆರು. ಪಕ್ಕದ ಮನೆಯಿಂದ ಮರದ ತೊಟ್ಟಿಲು ತಂದರೆ ಅದನ್ನು ನೋಡಿಯೇ ಅತ್ತಿತು. ಜೋಲಿಗೆ ಹಾಕಿದ ಕೂಡಲೇ ಕಣ್ಣು ಮುಚ್ಚಿತು.

ಆಗ ಅಪ್ಪ ಇನ್ನೊಂದು ವಿಷಯ ತೆಗೆದ.

"ನಾನು ಎರಡು ಕೊಕ್ಕೆ ಬಿಡ್ಸಿದ್ದೆ."

"ಒಂದು," ಎಂದಳು ಅಮ್ಮ.

"ಎರಡು. ನಾನೇ ಕಂಬಿಗೆ ಕಟ್ಟಿದ್ದೀನಿ. ಗಾರೆ ಬಳಿಯೋವಾಗ ಇನ್ನೊಂದನ್ನ ಮುಚ್ಚಿಬಿಟ್ಟಿರ್ತಾರೆ."

"ಕಟ್ಟಿದ್ದು ಒಂದೇ ಕಣ್ರೀ. ಎರಡನೇದಕ್ಕೆ ಕಬ್ಬಿಣ ಸಾಲಲಿಲ್ಲ ಅಂತ ನೀವೇ ಅಂದಿದ್ರಿ."

ಶನಿವಾರ ಬೆಳಿಗ್ಗೆಯಿಂದ ಹುಡುಕಾಟ. ಅಪ್ಪ ಬಿದಿರುಕೋಲಿನಿಂದ ಮಾಳಿಗೆಯನ್ನು ಕುಟ್ಟಿ ಸದ್ದು ಕೇಳುವನು, ಸಂಶಯ ಬಂದಲ್ಲಿ ಏಣಿ ಹತ್ತಿ ನಾನು ಇದ್ದಿಲಿನಿಂದ ಗುರುತು ಹಾಕಬೇಕು. ಸುಣ್ಣದ ಚಕ್ಕೆಗಳು ಅನ್ನದ ಪಾತ್ರೆಯ ಮುಚ್ಚಳದ ಮೇಲೆ ಬಿದ್ದವು. ಕೋಪ ಬಂದರೆ ಅಜ್ಜಿಗೆ ತೆಲುಗೇ ಬರುವುದು. "ಏಂದಿರಾ ಇದಿ, ಇಲ್ಲು ಪಡಗೊಡ್ತಾರಾ?" ಎಂದು ಕೂಗಿದಳು. ಮನೆ ಬೀಳಿಸುವ ಉದ್ದೇಶವಿಲ್ಲ, ಕೊಕ್ಕೆ ಹುಡುಕುತ್ತಿದ್ದೇವೆ ಎಂದು ಅಪ್ಪ ಕನ್ನಡದಲ್ಲಿ ಉತ್ತರ ಕೊಟ್ಟ. ಹನ್ನೊಂದು ಗಂಟೆಗೆ ಹಾಲಿನ ಸೂರಿನಲ್ಲಿ ಹದಿನಾಲ್ಕು ಕಪ್ಪು ಗುರುತುಗಳಿದ್ದವು, ಕೊಕ್ಕೆ ಇರಲಿಲ್ಲ.

"ಆಯ್ತಾ?" ಎಂದು ಕೇಳಿ ಅಮ್ಮ ಪೊರಕೆ ತರಲು ಪಕ್ಕದ ಹುಳದ ಕೋಣೆಗೆ ಹೋದಳು. ನಾವು ರೇಷ್ಮೆ ಹುಳು ಸಾಕುವ ಕೋಣೆ ಅದು. ಹಿಂದಿನ ಬೆಳೆಯ ಗೂಡು ಮಾರಿ, ತೊಳೆದು, ಖಾಲಿ ಬಿಟ್ಟಿದ್ದೆವು. ಹೋದವಳು ಬೇಗ ಬರಲಿಲ್ಲ. ಪೊರಕೆ ತರಲು ಅರ್ಧ ಗಂಟೆ ಬೇಕಾಗುವುದಿಲ್ಲ. ಕೊನೆಗೆ ಬಾಗಿಲಲ್ಲಿ ನಿಂತು ಅಪ್ಪನನ್ನು ಕರೆದಳು.

"ಇಲ್ಲಿ ಬನ್ನಿ. ಏನೂ ಮಾತಾಡಬೇಡಿ."

ಅಪ್ಪನ ಹಿಂದೆ ನಾನೂ ಹೋದೆ. ಹುಳುಗಳಿಗೆ ಚಳಿಯಾಗದಿರಲೆಂದು ಮಾಳಿಗೆಯ ಕೆಳಗೆ ಕಟ್ಟಿದ್ದ ಕಪ್ಪು ಪ್ಲಾಸ್ಟಿಕ್ಕಿನ ಒಂದು ಮೂಲೆ ಬಿಚ್ಚಿಕೊಂಡಿತ್ತು. ಅದರ ಮೇಲೆ ಕೊಕ್ಕೆ ಕಾಣಿಸುತ್ತಿತ್ತು. ಹಾಲು ಮೊದಲು ಎರಡು ಪಟ್ಟು ದೊಡ್ಡದಿತ್ತು. ಹುಳು ಸಾಕಲು ಶುರುಮಾಡಿದಾಗ ನಡುವೆ ಗೋಡೆ ಎಬ್ಬಿಸಿದ್ದರು. ಎರಡನೆಯ ಕೊಕ್ಕೆ ಗೋಡೆಯ ಈಚೆ ಉಳಿದುಬಿಟ್ಟಿತ್ತು. ಗೋಡೆ ಎಬ್ಬಿಸಿದ್ದನ್ನು ಅಪ್ಪನೂ ಮರೆತಿದ್ದ. ಆದರೆ ಆ ಹೊತ್ತಿನಲ್ಲಿ ಅದನ್ನು ಹೇಳುವ ಅಗತ್ಯ ಅವನಿಗೆ ಕಾಣಲಿಲ್ಲ.

ಅಪ್ಪ ಮಾತಾಡಲಿಲ್ಲ.

"ನಗಬೇಡಿ ಅಂತಾನೂ ಹೇಳ್ಬೇಕಾಗಿತ್ತಾ?" ಎಂದಳು ಅಮ್ಮ.

ಕೊಕ್ಕೆ ಕಂಡರೂ ಅಪ್ಪನನ್ನು ಕರೆಯಬಾರದೆಂದುಕೊಂಡಿದ್ದಳಂತೆ, ಬೀಗರು ನಾಳೆ ಬರುತ್ತಾರಲ್ಲ ಎಂದು ಕರೆದಳಂತೆ. ಇದನ್ನು ಆಮೇಲೆ ಅಕ್ಕನ ಹತ್ತಿರ ಹೇಳಿಕೊಂಡಳು.

ಜೋಲಿಯನ್ನು ಇಲ್ಲಿಗೆ ತರುವುದು, ಹಾಲಿನ ಕೊಕ್ಕೆಗೆ ಫ್ಯಾನು ಹಾಕುವುದು ಎಂದು ತೀರ್ಮಾನವಾಯಿತು. ಕರೆಂಟ್ ಕೆಲಸದವನಿಗೆ ಹೇಳಿಕಳಿಸಿದೆವು. ಅಷ್ಟರಲ್ಲಿ ಅಕ್ಕ ಮಗುವನ್ನು ಹೊಸ ಕೊಕ್ಕೆಯಲ್ಲಿ ಮಲಗಿಸಿದಳು. ಮಗು ಕಪ್ಪು ಪ್ಲಾಸ್ಟಿಕ್ಕನ್ನು ನೋಡಿತು. ಹುಳು ಸಾಕುವ ಬಿದಿರಿನ ತಟ್ಟೆಗಳನ್ನು ನೋಡಿತು. ಹಸುಗಳು ಹಗ್ಗ ಎಳೆಯುವಷ್ಟು ಜೋರಾಗಿ ಅತ್ತಿತು. ಒಂಬತ್ತು ನಿಮಿಷಕ್ಕೆ ಅಕ್ಕನೂ ಅಳುವ ಹಾಗಾದಳು. ಮತ್ತೆ ಹಾಲಿಗೆ ತಂದು ಹಳೆಯ ಕೊಕ್ಕೆಗೆ ಕಟ್ಟಿದರೆ ಮಲಗಿತು. ಆಗ ಕರೆಂಟ್ ಕೆಲಸದವನು ಬಾಗಿಲಿಗೆ ಬಂದ.

"ಅಣ್ಣಾ, ಮತ್ತೆ ಪಾಪು."

"ಸ್ವಲ್ಪ ಕೂತ್ಕೋ."

"ಇವತ್ತು ಕೂತ್ಕೊಳ್ಳಕ್ಕಾಗಲ್ಲ. ನಾಳೆಯಿಂದ ಮುಳಬಾಗಿಲಲ್ಲಿ ಕೆಲ್ಸ, ಮೂರು ದಿನ ಸಿಗಲ್ಲ. ಎಲ್ಲಿ ಹಾಕ್ಲಿ, ಈಗ್ಲೇ ಹೇಳಿ."

ಖಾಲಿ ಇದ್ದ ಕೊಕ್ಕೆ ಒಂದೇ. ಹೀಗೆ ಸಂಜೆ ನಾಲ್ಕು ಗಂಟೆಗೆ, ಯಾರೂ ಮಲಗದ, ಹುಳುಗಳೂ ಇಲ್ಲದ ಕೋಣೆಯಲ್ಲಿ ನಮ್ಮ ಮನೆಯ ಮೊದಲ ಸೀಲಿಂಗ್ ಫ್ಯಾನು ತಿರುಗಿತು. ಗಾಳಿ ಚೆನ್ನಾಗಿತ್ತು. ಅಮ್ಮ ಮಾತ್ರ ಅದರ ಕೆಳಗೆ ನಿಂತು ಬೆವರುತ್ತಿದ್ದಳು.

ಭಾನುವಾರ ಹನ್ನೊಂದೂ ಇಪ್ಪತ್ತರ ಬಸ್ಸಿಗೆ ಅಕ್ಕನ ಅತ್ತೆ ಬಂದಿಳಿದರು. ಹಾಲಿನಲ್ಲಿ ಕೂರಲು ಬಿಡದೆ ಅಮ್ಮ ಅವರನ್ನು ನೇರ ಒಳಗೆ ಕರೆದೊಯ್ದಳು.

"ಇಲ್ಲಿ ಬನ್ನಿ ಬೀಗ್ರೇ, ತಂಪಾಗಿದೆ."

ಅವರು ಬಿದಿರಿನ ತಟ್ಟೆಗಳತ್ತ ನೋಡಿದರು. "ಇದು ಹುಳ ಸಾಕೋ ರೂಮಲ್ವಾ?"

"ಈಗ ಹುಳ ಇಲ್ಲ."

"ಹೂಂ. ಈಗ ನಾನಿದ್ದೀನಿ. ಪಾಪು ಎಲ್ಲಿ?"

"ಹಾಲಲ್ಲಿ."

"ಫ್ಯಾನ್ ಇಲ್ಲಿ, ಪಾಪು ಅಲ್ಲಿ?"

ಅಮ್ಮ ನೀರು ತರುತ್ತೇನೆಂದು ಹೋದವಳು ಊಟಕ್ಕೆ ಎಲೆ ಹಾಕುವವರೆಗೂ ಆ ಕಡೆ ತಲೆ ಹಾಕಲಿಲ್ಲ.

ಊಟವಾದ ಮೇಲೆ ಅತ್ತೆ ಫ್ಯಾನಿನ ಕೆಳಗೆ ಚಾಪೆ ಹಾಸಿಕೊಂಡರು. ಪಕ್ಕದಲ್ಲಿ ಅಜ್ಜಿಯೂ ಮಲಗಿದಳು. ಗಾಳಿ ಸೋಕಬಾರದಲ್ಲವೇ ಎಂದು ನಾನು ಕೇಳಿದೆ. "ನಾನೇನು ಬಾಣಂತೀನೇನ್ಲಾ?" ಎಂದು ಮಗ್ಗುಲಾದಳು. ನಾನು ಬಾಗಿಲ ಬಳಿ ಹುರುಳಿಕಾಯಿ ನಾರು ತೆಗೆಯುತ್ತ ಕೂತೆ. ಸ್ವಲ್ಪ ಹೊತ್ತಿಗೆ ಅಕ್ಕ ಬೆಕ್ಕಿನ ಹಾಗೆ ಒಳಗೆ ಬಂದು, ಚಾಪೆಯ ತುದಿಯಲ್ಲಿ ನಿಂತು ಸ್ಕಾರ್ಫ್ ಬಿಚ್ಚಿದಳು.

"ಅಲ್ಲಿ ನಿಂತ್ರೆ ಗಾಳಿ ಬರಲ್ಲ," ಎಂದರು ಅತ್ತೆ, ಕಣ್ಣು ತೆರೆಯದೆ. ಚಾಪೆಯಲ್ಲಿ ಸರಿದು ಜಾಗ ಮಾಡಿದರು. "ಮೆಲ್ಲಗೆ ಬಾ. ನಿಮ್ಮಜ್ಜಿ ಎದ್ದಾಳು."

ಅಕ್ಕ ಮಲಗಿದವಳು ಒಂದು ಗಂಟೆ ಐವತ್ತು ನಿಮಿಷ ಏಳಲಿಲ್ಲ. ಹೆರಿಗೆಯಾದ ಮೇಲೆ ನಾನು ಬರೆದಿಡುತ್ತ ಬಂದ ನಿದ್ದೆಯ ಲೆಕ್ಕದಲ್ಲಿ ಅದೇ ಅವಳ ಅತಿ ಉದ್ದದ ನಿದ್ದೆ. ಆ ಹೊತ್ತಿನಲ್ಲಿ ಹಾಲಿನಲ್ಲಿ ಮಗು ಎದ್ದು ಗೊಣಗಿತು. ಅತ್ತೆ ಎದ್ದುಹೋಗಿ ತೊಡೆಯ ಮೇಲೆ ಹಾಕಿಕೊಂಡು ತಟ್ಟಿದರು, ಸುಮ್ಮನಾಗಲಿಲ್ಲ. ಹೆಗಲಿಗೆ ಹಾಕಿಕೊಂಡು ನಡೆದರು, ಅದಕ್ಕೂ ಒಪ್ಪಲಿಲ್ಲ. ಕೊನೆಗೆ ಜೋಲಿಗೆ ಹಾಕಿ ಎರಡು ಸಲ ತೂಗಿದರು. ಮಲಗಿತು. ಅವರು ತಲೆಯೆತ್ತಿ ಕೊಕ್ಕೆಯನ್ನು ಬಹಳ ಹೊತ್ತು ನೋಡಿದರು.

ನಾಲ್ಕೂವರೆಗೆ ಅವರು ಹೊರಡಲು ಎದ್ದಾಗ ಅಮ್ಮ ಮಗುವಿನ ಬಟ್ಟೆ, ಬಜೆ, ಎಣ್ಣೆಯ ಬಾಟಲಿ ಎಲ್ಲ ತುಂಬಿದ ಚೀಲ ತಂದಿಟ್ಟಳು. ಕಣ್ಣು ಕೆಂಪಗಿದ್ದವು.

"ಚೀಲ ಯಾಕಮ್ಮಾ?"

"ನೀವೇ ಅಂದ್ರಲ್ಲ ಬೀಗ್ರೇ, ಕರ್ಕೊಂಡು ಹೋಗ್ತೀನಿ ಅಂತ."

"ಫ್ಯಾನ್ ಹಾಕ್ಸಿದ್ರೆ ಸರಿ ಅಂದೆ. ಹಾಕ್ಸಿದ್ದೀರಲ್ಲ! ಯಾವ ರೂಮು ಅಂತ ನಾನು ಹೇಳಿದ್ನಾ?" ಚಪ್ಪಲಿ ಮೆಟ್ಟಿಕೊಳ್ಳುತ್ತ ಅವರು ದನಿ ತಗ್ಗಿಸಿದರು. "ನಮ್ಮನೇಲಿ ಎಲ್ಲಾ ಕೊಕ್ಕೇಲೂ ಫ್ಯಾನಿದೆ ಕಣಮ್ಮಾ. ಇವಳನ್ನ ಎಲ್ಲಿ ಕಟ್ಲಿ?"

ಅಮ್ಮ ಚೀಲವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಓಡಿದಳು, ಅವರು ಮನಸ್ಸು ಬದಲಿಸಿಯಾರು ಎಂಬಂತೆ. ರಾತ್ರಿ ಮುದ್ದೆಯಲ್ಲಿ ಒಂದೂ ಗಂಟಿರಲಿಲ್ಲ.

ಇನ್ನು ಎರಡು ತಿಂಗಳಿದೆ. ಅಷ್ಟರೊಳಗೆ ಮಗುವಿಗೆ ಜೋಲಿ ಬಿಡಿಸಬೇಕು, ಇಲ್ಲವೆ ಮಾಲೂರಿನವರು ಒಂದು ಫ್ಯಾನು ಇಳಿಸಬೇಕು. ಅವರು ಇಳಿಸುವುದಿಲ್ಲವೆಂದು ಹೇಳಿಕಳಿಸಿದ್ದಾರೆ. ಮೇ ತಿಂಗಳಲ್ಲಿ ನಮಗೆ ಹೊಸ ಹುಳು ಬರುತ್ತವೆ. ಸೀಲಿಂಗ್ ಫ್ಯಾನಿನ ಗಾಳಿಗೆ ತಟ್ಟೆಯ ಮೇಲಿನ ಸೊಪ್ಪು ಬಾಡುತ್ತದೆ ಎಂದು ಅಪ್ಪ, ನಿಧಾನಕ್ಕೆ ಬಿಟ್ಟರೆ ಏನೂ ಆಗುವುದಿಲ್ಲ ಎಂದು ಅಕ್ಕ. ಅಕ್ಕನ ಮಾತಿನಲ್ಲಿ ಸ್ವಾರ್ಥವಿರಬಹುದು. ಹುಳು ಸಾಕಿದವರು ಅಥವಾ ಜೋಲಿಯ ಮಗುವನ್ನು ಚಾಪೆಗೆ ಇಳಿಸಿ ಗೆದ್ದವರು ಇದನ್ನು ಓದುತ್ತಿದ್ದರೆ, ಏನು ಮಾಡಿದಿರಿ, ಎಷ್ಟು ದಿನ ಹಿಡಿಯಿತು ಎಂದು ದಯವಿಟ್ಟು ನನಗೆ ಬರೆದು ತಿಳಿಸಿ. ಸೋತವರೂ ಬರೆಯಬಹುದು.