ಬೇವಿನ ಗಿಡಕ್ಕೆ ಕಟ್ಟಿದ ಬಳೆಯ ಗಡಿಗೆ

ಇಳಕಲ್ಲಿನ ಹೊರಗೆ, ಹುನಗುಂದದ ದಾರಿ ಒಂದು ಕಡೆ, ಗುಡೂರಿನ ದಾರಿ ಇನ್ನೊಂದು ಕಡೆ ಕವಲೊಡೆಯುವಲ್ಲಿ ಕಲ್ಲುಭೂಮಿಯ ತುಂಡೊಂದಿದೆ. ಉದ್ದನೆಯ ಗುಂಡಿಗಳು, ತಗಡಿನ ಚಪ್ಪರ, ಒಂದು ಬೇವಿನ ಗಿಡ. ಸುತ್ತಲಿನವರು ಅದನ್ನು ಮೂರೂರ ತಿಪ್ಪಿ ಎನ್ನುತ್ತಾರೆ. ಬಳೆ ಮಾರುವ ಜೈನಬಿ ಯಾವ ಊರಿಗೆ ಹೊರಟರೂ ಅದರ ಮುಂದಿನಿಂದಲೇ ಹೋಗಬೇಕು. ಬಿಸಿಲೇರಿದ್ದರೆ ಬೇವಿನ ನೆರಳಿಗೆ ಹೊರೆ ಇಳಿಸಿ, ತಿಪ್ಪಿ ಕಾಯುವ ಬೀರಲಿಂಗಪ್ಪನ ಕೊಡದಿಂದ ನೀರು ಕುಡಿದು ಮುಂದೆ ನಡೆಯುತ್ತಾಳೆ.

ಈ ಕಥೆ ನಡೆದ ಕಾಲಕ್ಕೆ ಆಕೆಗೆ ಮೂವತ್ತು ದಾಟಿತ್ತು. ತವರು ಗುಡೂರು. ತಾಯಿಯೂ ಬಳೆಗಾರ್ತಿಯೇ. ಬೆರಳುಗಳನ್ನು ಹಗುರಾಗಿ ಒತ್ತಿ, ಗಟ್ಟಿ ಕೈಯನ್ನೂ ಹೂವಿನಂತೆ ಮಡಿಸಿ, ನೋವಾಗದಂತೆ ಬಳೆ ಏರಿಸುವುದನ್ನು ತಾಯಿಯ ಪಕ್ಕದಲ್ಲಿ ಕೂತು ಕಲಿತಳು. ಮದುವೆಯಾಗಿ ಇಳಕಲ್ಲಿಗೆ ಬಂದಳು. ಗಂಡ ಶಾಬುದ್ದೀನನದು ನೂಲಿಗೆ ಬಣ್ಣ ಹಾಕುವ ಕೆಲಸ. ತಾಯಿ ತೀರಿಕೊಂಡ ಮೇಲೆ ಗುಡೂರಿನಲ್ಲಿ ಆಕೆಯವರೆಂದು ಯಾರೂ ಉಳಿಯಲಿಲ್ಲ, ತಾಯಿ ಬಳೆ ಇಟ್ಟ ಮನೆಗಳ ಹೊರತು. ಹೆಗಲ ಮೇಲೆ ಬಳೆ ಪೋಣಿಸಿದ ಮಲಾರ ಹೊತ್ತು ಊರ ಅಗಸಿ ಬಾಗಿಲು ದಾಟುವುದೇ ಆಕೆಗೆ ತವರಿಗೆ ಹೋಗುವ ರೀತಿಯಾಯಿತು.

ತಿಪ್ಪಿ ಶುರುವಾದದ್ದು ಎಪ್ಪತ್ತರ ದಶಕದ ಕೊನೆಗೆ. ಅಲ್ಲಿಯವರೆಗೆ ಪ್ರತಿ ಊರೂ ತನ್ನ ಕಸವನ್ನು ಸೀಮೆಯ ಅಂಚಿಗೆ ಸುರಿದು, ನಾತ ಬಂದಾಗ ಪಕ್ಕದ ಊರನ್ನು ಬೈಯುತ್ತಿತ್ತು. ಒಬ್ಬರೇ ಟ್ರ್ಯಾಕ್ಟರು ಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲ. ಕೊನೆಗೆ ಇಳಕಲ್ಲು ಮತ್ತು ಹುನಗುಂದ ಕೂಡಿ ಒಂದು ಹಳೆಯ ಟ್ರ್ಯಾಕ್ಟರು ತಂದವು. ಟ್ರಾಲಿ ಬಾದಾಮಿಯಲ್ಲಿ ಹರಾಜಿಗೆ ಬಂದದ್ದು. ಗುಡೂರಿನ ಪಂಚಾಯಿತಿ ತನ್ನ ಕಸವನ್ನೂ ಕೊಟ್ಟು, ತಯಾರಾದ ಗೊಬ್ಬರವನ್ನು ತನ್ನ ರೈತರೇ ಒಯ್ಯುವರೆಂದು ಮಾತು ಕೊಟ್ಟಿತು. ಆ ಮಾತೇ ತಿಪ್ಪಿಯ ಜೀವ. ಗೊಬ್ಬರ ಎತ್ತದಿದ್ದರೆ ಗುಂಡಿ ಖಾಲಿಯಾಗದು. ಗುಂಡಿ ಖಾಲಿಯಾಗದಿದ್ದರೆ ಟ್ರಾಲಿ ಎಲ್ಲಿ ಸುರಿಯಬೇಕು?

ಬೀರಲಿಂಗಪ್ಪ ಮತ್ತು ಇನ್ನಿಬ್ಬರು ಕಸ ಆರಿಸುತ್ತಿದ್ದರು. ಡಬ್ಬಿ, ಸೀಸೆ, ರದ್ದಿ ಒಂದು ಕಡೆ. ಅವು ಬಾಗಲಕೋಟೆಯ ಗುಜರಿ ಸಾಮಾನಿನ ಮೋಡಕಾ ಅಂಗಡಿಗೆ. ಮಗ್ಗದ ಮನೆಗಳ ನೂಲಿನ ಚಿಂದಿ ಇನ್ನೊಂದು ಕಡೆ, ಏಕೆಂದರೆ ಅದು ನೇಗಿಲಿಗೆ ಸುತ್ತಿಕೊಳ್ಳುತ್ತದೆ. ಉಳಿದದ್ದು ಸಗಣಿಯ ಜೊತೆ ಪದರಪದರವಾಗಿ ಗುಂಡಿಗೆ. ಮೂರು ವರ್ಷ ಎಲ್ಲ ಸರಿಯಾಗಿ ನಡೆಯಿತು.

ಎಂಬತ್ತೊಂದರ ಬೇಸಿಗೆಯಲ್ಲಿ ಗುಡೂರಿನ ಅಂದಪ್ಪ ಎತ್ತು ಹೊಡೆದುಕೊಂಡು ತಿಪ್ಪಿಗೆ ಬಂದ. ಪಂಚಾಯಿತಿಯ ಸದಸ್ಯ, ಊರಲ್ಲಿ ಮೊದಲು ಈ ಗೊಬ್ಬರ ಎತ್ತಿದವನೂ ಅವನೇ. ಎತ್ತು ಕುಂಟುತ್ತಿತ್ತು. ಗೊರಸಿನ ಸಂದಿಯಿಂದ ತೆಗೆದ ಗಾಜಿನ ಚೂರುಗಳನ್ನು ಟವೆಲ್ಲಿನ ಅಂಚಿಗೆ ಕಟ್ಟಿ ತಂದಿದ್ದ. ಬಳೆಯ ಚೂರುಗಳು. ಗೊಬ್ಬರ ಹರಡಿದ ಹೊಲದಲ್ಲಿ ಅವನ ಆಳಿನ ಅಂಗಾಲೂ ಸೀಳಿತ್ತು.

"ಯಾರ ಊರ ಬಳಿ ಇವು? ಅದನ್ನೊಂದು ಹೇಳ್ರಿ," ಎಂದ.

ಅಂದು ಇಳಕಲ್ಲಿನ ಸ್ಯಾನಿಟರಿ ಇನ್‌ಸ್ಪೆಕ್ಟರ್ ದತ್ತಾತ್ರೇಯರಾವ್ ಅಲ್ಲೇ ಇದ್ದರು. ಹುನಗುಂದದ ಕಸದಾಳುಗಳ ಮೇಸ್ತ್ರಿ, ಮುಕಾದಮನೂ ಇದ್ದ. ಮುಕಾದಮ ಚೂರುಗಳನ್ನು ನೋಡಿ ತಲೆಯಾಡಿಸಿದ.

"ನಮ್ಮೂರಾಗ ಇಂಥ ಚುಕ್ಕಿ ಬಳಿ ಯಾರೂ ಇಡೂದಿಲ್ಲ್ರಿ. ಇದು ಇಳಕಲ್ಲಿನ ಶೋಕಿ."

"ಹೌದಪಾ, ನಿಮ್ಮೂರಾಗ ಹೆಣ್ಮಕ್ಕಳು ಬರಿಗೈಲೆ ಅಡ್ಡಾಡ್ತಾರ," ಎಂದರು ದತ್ತಾತ್ರೇಯರಾವ್.

"ಸಾಹೇಬ್ರ, ಮಾತು ಹಿಡಿದು ಆಡ್ರಿ."

"ನೀ ಮೊದಲ ಕಸ ಹಿಡಿದು ಆರಸು."

ಮಾತಿಗೆ ಮಾತು ಬೆಳೆಯಿತು. ಟ್ರ್ಯಾಕ್ಟರು ಯಾರದು, ಡೀಸೆಲ್ಲು ಯಾರದು ಎನ್ನುವವರೆಗೂ ಹೋಯಿತು. ಬೇವಿನ ಕೆಳಗೆ ಜೈನಬಿ ಕೂತದ್ದನ್ನು ಬೀರಲಿಂಗಪ್ಪ ನೋಡಿದ. "ಏ ಜೈನಬಿ, ಬಾ ಇಲ್ಲಿ. ಬಳಿ ಯಾವ ಊರಿನವು ಅಂತ ನಿನಗಿಂತ ಯಾರಿಗೆ ಗೊತ್ತ?"

ಆಕೆ ಚೂರುಗಳನ್ನು ಅಂಗೈಯಲ್ಲಿ ಹಾಕಿಕೊಂಡು ತಿರುವಿದಳು. ಯಾವುದೋ ಒಂದು ಊರನ್ನು ಹೆಸರಿಸಿದ್ದರೆ ಆಕೆಯ ಪಾಲಿನ ಕೆಲಸ ಮುಗಿಯುತ್ತಿತ್ತು.

"ಈ ಹಸರು ಚುಕ್ಕಿದು ನಂದು. ಕೆಂಪನೂ ನಂದ. ಇಳಕಲ್ಲಾಗೂ ನಾನ ಇಟ್ಟೇನಿ, ಹುನಗುಂದದಾಗೂ ನಾನ. ಗುಡೂರಾಗ ನಿಮ್ಮವ್ವನ ಕೈಯಾಗೂ ಇವ ಅದಾವ್ರಿ, ಅಂದಪ್ಪಣ್ಣ. ಎಲ್ಲಾ ಒಂದ ಮಲಾರದ್ದು. ಊರಿಗೆ ಯಾಕ ಜಗಳಾಡ್ತೀರಿ?"

ಜಗಳ ನಿಂತಿತು. ಅಂದಪ್ಪ ಆಕೆಯತ್ತ ತಿರುಗಿದ.

"ಹಂಗಾರ ಎಲ್ಲಾ ನಿಂದ?"

"ನಂದ್ರಿ."

"ಚೊಲೋ ಆತು. ಈ ತಿಪ್ಪಿ ಗೊಬ್ಬರನೂ ನಮ್ಮೂರಿಗೆ ಬ್ಯಾಡ, ನಿನ್ನ ಬಳಿನೂ ಬ್ಯಾಡ. ಗುಡೂರ ಅಗಸಿ ಕಡೆ ಹಾಯಬ್ಯಾಡ ಇನ್ನ."

ಅವನ ಮಾತಿಗೆ ಊರಲ್ಲಿ ತೂಕವಿತ್ತು. ಗೊಬ್ಬರ ಎತ್ತಲು ಗುಡೂರಿನಿಂದ ಯಾರೂ ಬರಲಿಲ್ಲ. ಶ್ರಾವಣ ಬಂದಾಗ ಗುಡೂರಿನ ಹೆಂಗಸರು ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಪ್ಲಾಸ್ಟಿಕ್ ಬಳೆ ತಂದು ಹಾಕಿಕೊಂಡರು. ಜೈನಬಿ ಕವಲಿನಲ್ಲಿ ಹುನಗುಂದದ ಕಡೆಗೇ ತಿರುಗತೊಡಗಿದಳು.

ದತ್ತಾತ್ರೇಯರಾವ್ ಕೈಕಟ್ಟಿ ಕೂಡಲಿಲ್ಲ. ಇಳಕಲ್ಲಿನ ಓಣಿಗಳಲ್ಲಿ ಡಂಗುರ ಸಾರಿಸಿದರು: ಒಡೆದ ಬಳೆಗಳನ್ನು ಕಸಕ್ಕೆ ಹಾಕಬಾರದು, ಮನೆಯಲ್ಲಿ ಡಬ್ಬಿಯೊಳಗೆ ಇಟ್ಟು ಗಾಡಿ ಬಂದಾಗ ಕೊಡಬೇಕು. ನೇಕಾರರ ಓಣಿಯಲ್ಲಿ ಸತ್ಯವ್ವ ಎಂಬಾಕೆ ಕಸಬರಿಗೆ ಹಿಡಿದೇ ಹೊರಗೆ ಬಂದಳು.

"ಮುಂಜಾನೆದ್ದು ಒಡದ ಬಳಿ ಅಂತ ಒದರ್ತೀಯಲ್ಲ, ಮೂಳಾ! ನಿನ್ನ ಹೆಂಡ್ತಿವು ಮೊದಲ ಡಬ್ಬ್ಯಾಗ ಇಡು ಹೋಗು."

ಡಂಗುರದವನು ಮುಂದಿನ ಓಣಿಗೆ ಹೋಗಲಿಲ್ಲ. ಈ ಸೀಮೆಯಲ್ಲಿ ಬಳೆ ಒಡೆಯಿತು ಎಂಬ ಮಾತನ್ನೇ ಹೆಂಗಸರು ಆಡುವುದಿಲ್ಲ, ಹೆಚ್ಚಾಯಿತು ಎನ್ನುತ್ತಾರೆ. ಚೂರುಗಳನ್ನು ಮನೆಯೊಳಗೆ ಒಂದು ರಾತ್ರಿಯೂ ಇಡುವುದಿಲ್ಲ. ಮುತ್ತೈದೆಯಿರುವ ಮನೆಯಲ್ಲಿ ಅದು ಒಳ್ಳೆಯದಲ್ಲವೆಂಬ ನಂಬಿಕೆ. ಕೈಗೆ ಸಿಕ್ಕ ಕೂಡಲೇ ಗುಡಿಸಿ ಹೊರಗೆ. ಡಬ್ಬಿಯಲ್ಲಿ ಕೂಡಿಡಿ ಎಂದರೆ ಯಾರು ಕೇಳುತ್ತಾರೆ?

ಜೈನಬಿ ಬೇರೆ ದಾರಿ ಹಿಡಿದಳು, ಅದೂ ತಪ್ಪಿತು. ಕೈ ತುಂಬ ಬಳೆ ಇಟ್ಟ ಮೇಲೆ ಬಳೆಗಾರ್ತಿ ಒಂದು ಬಳೆಯನ್ನು ಕೊಸರಾಗಿ ಹಾಕುವುದು ಪದ್ಧತಿ. ಅದಕ್ಕೆ ಬೆಲೆ ಇಲ್ಲ, ಅದು ದೇವರ ಹೆಸರಿನ ಹಾರೈಕೆ ಇದ್ದಂತೆ. ಚೂರು ತಂದು ಕೊಟ್ಟವರಿಗಷ್ಟೇ ಕೊಸರು ಎಂದು ಆಕೆ ಹೇಳಿ ನೋಡಿದಳು. ಸತ್ಯವ್ವ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ದೇವರ ಬಳಿಗೂ ಕರಾರು ಹಚ್ಚಿದೇನ ಜೈನಬಿ? ನಿಮ್ಮವ್ವ ಹಿಂಗ ಮಾಡ್ತಿದ್ದಳೇನ?"

ಜೈನಬಿ ಆ ಕೈ ಹಿಡಿದು ಕೊಸರು ಬಳೆ ಏರಿಸಿ ಎದ್ದಳು. ಆ ಮಾತನ್ನು ಮತ್ತೆ ಎಲ್ಲೂ ಎತ್ತಲಿಲ್ಲ.

ಮನೆಯಲ್ಲಿ ಶಾಬುದ್ದೀನ ನಕ್ಕ. ಬಣ್ಣ ಹತ್ತಿದ ಕೈಗಳನ್ನು ತೊಳೆಯುತ್ತ ಕೇಳಿದ, "ಕಸದ ಚಿಂತಿ ನಿನಗ್ಯಾಕ? ಮುನಸಿಪಾಲ್ಟಿ ಪಗಾರ ಕೊಡ್ತೈತೇನ?"

"ಪಗಾರ ಯಾರಿಗಿ ಬೇಕು? ನಮ್ಮೂರ ಅಗಸಿ ದಾಟಾಕ ಆಗವಲ್ದು."

ಅವನು ಮತ್ತೆ ನಗಲಿಲ್ಲ.

ದೀಪಾವಳಿ ಕಳೆದ ಮೇಲೆ ಗುಡೂರಿನಿಂದ ಒಂದು ಹೇಳಿಕೆ ಬಂತು. ಅಂದಪ್ಪನ ಮಗಳ ಮದುವೆ. ಹೇಳಿ ಕಳಿಸಿದ್ದು ಅಂದಪ್ಪನಲ್ಲ, ಅವನ ತಾಯಿ ಗುರುಸಿದ್ದವ್ವ. ಮದುಮಗಳ ಕೈಗೆ ಬಸ್‌ಸ್ಟ್ಯಾಂಡಿನ ಪ್ಲಾಸ್ಟಿಕ್ ಇಡಿಸುವುದಿಲ್ಲ ಎಂದು ಮುದುಕಿ ಹಟ ಹಿಡಿದಿದ್ದಳು. ಆಕೆಯ ಮದುವೆಯ ಬಳೆ ಇಟ್ಟವಳು ಜೈನಬಿಯ ತಾಯಿ. ಅಂದಪ್ಪ ಒಂದು ದಿನಕ್ಕೆ ಒಪ್ಪಿದ್ದ. ಬಾಗಿಲಲ್ಲೇ ನಿಂತು ಹೇಳಿದ: "ಬಳಿ ಇಟ್ಟ ಹೋಗು. ಮತ್ತ ಬರಬ್ಯಾಡ."

ಪಡಸಾಲೆಯಲ್ಲಿ ಜೈನಬಿ ಬಟ್ಟೆ ಹಾಸಿ ಕೂತಳು. ಮದುಮಗಳ ಹಳೆಯ ಬಳೆಗಳನ್ನು ತೆಗೆಯುವಾಗ ಎರಡು ಹೆಚ್ಚಾದವು. ಚೂರುಗಳನ್ನು ಎಂದಿನಂತೆ ಬಟ್ಟೆಯ ಮೂಲೆಗೆ ಸರಿಸಿ ಗಂಟು ಕಟ್ಟಿದಳು.

ಗುರುಸಿದ್ದವ್ವ ಅದನ್ನೇ ನೋಡುತ್ತಿದ್ದಳು. "ಅವನ್ನ ಎಲ್ಲಿ ಒಯ್ದು ಹಾಕ್ತಿಯವ್ವಾ?"

"ಮನಿಗಿ ಒಯ್ತೇನಿ ಯವ್ವಾ. ನನ್ನ ಕಸಬು ಅದು, ನನಗೇನ ದೋಷ? ನೀವೆಲ್ಲಾ ಗಾಡಿಗಿ ಹಾಕ್ತೀರಿ, ಅಂದಪ್ಪಣ್ಣನ ಎತ್ತಿಗಿ ಚುಚ್ಚತಾವ."

"ನಮ್ಮ ಕಾಲದಾಗ ಗಾಡಿ ಎಲ್ಲಿತ್ತ? ಹಿತ್ತಲ ಕಳ್ಳಿ ಬೇಲಿ ಮ್ಯಾಲ ಒಗೀತಿದ್ವಿ. ಬಳಿ ಅಂದ್ರ ಮುತ್ತೈದಿತನ. ಯಾರ ಕಾಲಿಗೂ ಸಿಗಬಾರದು ಅಂತ ನಮ್ಮತ್ತಿ ಹೇಳ್ತಿದ್ಲು."

"ಈಗ ಬೇಲಿ ಎಲ್ಲೈತಿ?"

"ಕಡದ ಸಂಡಾಸ ಕಟ್ಟಸ್ಯಾನ ನನ್ನ ಮಗ," ಎಂದಳು ಮುದುಕಿ. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು.

ಜೈನಬಿಯ ಕೈ ಮದುಮಗಳ ಮುಂಗೈ ಹಿಡಿದುಕೊಂಡೇ ನಿಂತಿತು. ಮನೆಯೊಳಗೆ ಇರಬಾರದು, ಕಾಲಿಗೆ ಸಿಗಬಾರದು. ಹೆಂಗಸರು ಕೇಳುತ್ತಿದ್ದದ್ದು ಇಷ್ಟೇ. "ಯವ್ವಾ, ಮನಿ ಮುಂದ ಬೇವಿನ ಗಿಡ ಐತಲ್ಲ, ಅದಕ್ಕ ಒಂದು ಗಡಿಗಿ ಕಟ್ಟಿದ್ರ? ನಾ ಬಂದಾಗ ಒಯ್ತೇನಿ."

ಗುರುಸಿದ್ದವ್ವ ಕಿರಿಯ ಮೊಮ್ಮಗಳಿಗೆ ಕೂಗಿ ಹೇಳಿದಳು, "ಬಚ್ಚಲಮನಿ ಮೂಲ್ಯಾಗಿನ ಕರೇ ಗಡಿಗಿ ತರಸವಾ."

ಸಂಜೆ ಅಂದಪ್ಪ ಮನೆಗೆ ಬಂದಾಗ ಬೇವಿನ ಟೊಂಗೆಗೆ, ಕೈಗೆ ನಿಲುಕುವ ಎತ್ತರದಲ್ಲಿ, ಗಡಿಗೆ ತೂಗುತ್ತಿತ್ತು.

"ಏನವ್ವಾ ಇದು, ಹಕ್ಕಿಗಿ ನೀರ?"

"ನಿನ್ನ ಎತ್ತಿಗಿ ಚಪ್ಪಲಿ," ಎಂದಳು ತಾಯಿ.

ಮದುವೆಗೆ ಬಂದ ಹೆಂಗಸರು ಆ ಗಡಿಗೆಯನ್ನು ನೋಡಿ ಹೋದರು. ಗುಡೂರಿನಲ್ಲಿ ಇನ್ನೂ ನಾಲ್ಕು ಓಣಿಗಳಲ್ಲಿ ಗಡಿಗೆ ಏರಿತು. ಸುದ್ದಿ ತಂದ ಜೈನಬಿಯ ಮಾತು ಕೇಳಿ ದತ್ತಾತ್ರೇಯರಾವ್ ಈ ಸಲ ಡಂಗುರ ಸಾರಿಸಲಿಲ್ಲ. ಹುನಗುಂದದ ಮುಕಾದಮನಿಗೆ ಹೇಳಿ ಅಲ್ಲಿನ ಕುಂಬಾರರಿಂದ ಗಡಿಗೆ ತರಿಸಿದರು. ಹಗ್ಗವನ್ನು ಬೀರಲಿಂಗಪ್ಪ ಹೊಸೆದ, ಚಪ್ಪರದಡಿ ಬಿದ್ದಿದ್ದ ನೂಲಿನ ಚಿಂದಿಯಿಂದ. ಕೆಂಪು, ಹಳದಿ, ಕಪ್ಪು ಎಳೆಗಳ ಹಗ್ಗ. ಇಳಕಲ್ಲಿನಲ್ಲಿ ಮೊದಲ ಗಡಿಗೆ ಕಟ್ಟಿಸಿಕೊಂಡವಳು ಸತ್ಯವ್ವ.

ಎಲ್ಲ ನೇರವಾಗಿ ನಡೆಯಿತೆಂದಲ್ಲ. ಗಡಿಗೆಯಲ್ಲಿ ಬೀಡಿ ತುಂಡು ಬಿದ್ದವು. ಕಂದೀಲಿನ ಒಡೆದ ಗಾಜು ಗಡಿಗೆಯ ಬಾಯಲ್ಲಿ ಹಿಡಿಸದೆ, ಅದಕ್ಕೆಂದು ಬುಟ್ಟಿಯನ್ನೂ ಕಟ್ಟಬೇಕಾಯಿತು. ಹುನಗುಂದದ ಒಂದು ಗಡಿಗೆಯಲ್ಲಿ ಗುಬ್ಬಿ ಗೂಡು ಮಾಡಿತು. ಮರಿಗಳು ಹಾರುವವರೆಗೆ ಆ ಓಣಿಯ ಹೆಂಗಸರು ಚೂರುಗಳನ್ನು ಪಕ್ಕದ ಓಣಿಗೆ ಒಯ್ದು ಹಾಕಿದರು. ಇಳಕಲ್ಲು, ಹುನಗುಂದದ ಗಡಿಗೆಗಳನ್ನು ಜೈನಬಿ ತನ್ನ ಸುತ್ತಿನಲ್ಲೇ ಬರಿದು ಮಾಡುತ್ತಿದ್ದಳು. ಗುಡೂರಿನವನ್ನು ಕಸದ ಗಾಡಿಯವನು ಬೇರೆ ಚೀಲದಲ್ಲಿ ತರುತ್ತಿದ್ದ, ಏಕೆಂದರೆ ಅಂದಪ್ಪ ತನ್ನ ಮಾತು ಹಿಂದಕ್ಕೆ ಪಡೆದಿರಲಿಲ್ಲ. ಎಲ್ಲವೂ ಡಬ್ಬಿ, ಸೀಸೆಗಳ ಜೊತೆ ಬಾಗಲಕೋಟೆಗೆ ಹೋಗುತ್ತಿತ್ತು. ಬಾದಾಮಿಯ ಪುರಸಭೆಯಿಂದ ಇಬ್ಬರು ಬಂದು ನೋಡಿ, ಒಂದು ಹಗ್ಗವನ್ನು ಮಾದರಿಗೆಂದು ಕೇಳಿ ಒಯ್ದರು.

ಮರುವರ್ಷ ಮುಂಗಾರಿನ ಮೊದಲು, ಗಡಿಗೆ ಕಟ್ಟಿದ ಮೇಲೆ ತುಂಬಿದ ಗುಂಡಿಯನ್ನು ತೆರೆದರು. ಅಂದಪ್ಪ ಗಾಡಿ ತರದೆ ಒಬ್ಬನೇ ಬಂದ. ಎಲ್ಲರ ಎದುರು ಚಪ್ಪಲಿ ಕಳಚಿ, ಕಪ್ಪಗೆ ಪುಡಿಯಾದ ಗೊಬ್ಬರದ ಮೇಲೆ ಈ ತುದಿಯಿಂದ ಆ ತುದಿಗೆ ನಡೆದ. ತಿರುಗಿ ಬಂದ. ಅರ್ಧಕ್ಕೆ ನಿಂತು, ಬಾಗಿ, ಏನನ್ನೋ ಹೆಕ್ಕಿ ಎತ್ತಿ ಹಿಡಿದ. ಹಸಿರು ಗಾಜು. ದತ್ತಾತ್ರೇಯರಾವ್ ಮುಖ ಬೇರೆ ಕಡೆ ತಿರುಗಿಸಿದರು.

ಜೈನಬಿ ಅದನ್ನು ಇಸಿದುಕೊಂಡು ಬೆಳಕಿಗೆ ಹಿಡಿದಳು.

"ಇದು ಬಳಿ ಅಲ್ಲ್ರಿ, ಔಷಧ ಸೀಸಾದ್ದು. ಇನ್ನ ದವಾಖಾನಿಯವರಿಗೂ ಗುಡೂರಿಗೆ ಬರಬ್ಯಾಡ ಅಂತೀರೇನ?"

ಮೊದಲು ನಕ್ಕವನು ಬೀರಲಿಂಗಪ್ಪ. ಅಂದಪ್ಪ ನಗು ತಡೆಯಲು ನೋಡಿದ, ಆಗಲಿಲ್ಲ. ಚಪ್ಪಲಿ ಮೆಟ್ಟುತ್ತ ಹೇಳಿದ:

"ನಾಳೆ ಗಾಡಿ ಕಳಸ್ತೇನಿ. ನೀನೂ ಅದರಾಗ ಕುಂತ ಬಾ. ಹೆಣ್ಮಕ್ಕಳು ನಿನ್ನ ಹಾದಿ ನೋಡಾಕತ್ತಾರ."

"ಗೊಬ್ಬರದ ಗಾಡ್ಯಾಗ ತವರಿಗೆ ಬರ್ಲ್ಯಾ? ಅದೂ ಗಾಜಿನ ಮಾಲು ಹೊತಗೊಂಡು? ನಡಕೊಂಡ ಬರ್ತೇನಿ, ಅಣ್ಣ."

ಮರುದಿನ ಗುಡೂರಿನ ದಾರಿಯಲ್ಲಿ ಗೊಬ್ಬರದ ಗಾಡಿಗಳು ಸಾಲಾಗಿ ಹೊರಟವು. ಅವುಗಳ ಮುಂದೆ, ಧೂಳು ಮಲಾರಕ್ಕೆ ತಾಗದಷ್ಟು ದೂರದಲ್ಲಿ, ಜೈನಬಿ ನಡೆಯುತ್ತಿದ್ದಳು. ಅಗಸಿಯ ಹತ್ತಿರ ಸೆರಗು ಸರಿಮಾಡಿಕೊಂಡು, ಒಳಗೆ ಕಾಲಿಡುವ ಮೊದಲೇ ಬಳೆ ಬಂದವೆಂದು ಕೂಗಿದಳು.